ಹಿತ್ತಲ ಬಳ್ಳಿಯ ಹೆಸರು

ಕುರುಗೋಡು
೬-೧-೧೯೭೪

ನನ್ನ ಮನೆಯ ದೀಪ, ಸೌಭಾಗ್ಯವತಿ ಚನ್ನವೀರಮ್ಮಗೆ ಕಾಡಸಿದ್ದಪ್ಪ ಮಾಡುವ ಆಶೀರ್ವಾದ.

‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಮೊದಲ ಸಾಲು ಬರೆಯುವುದು ರೂಢಿ. ಬರೆದು ಹೊಡೆದುಹಾಕಿದ್ದೇನೆ. ಕಾಗದದ ತಲೆಯ ಮೇಲೆ ಮಸಿಯ ಕಲೆ ಕಂಡರೆ ಅದೇ ಅದು. ಎಲ್ಲರೂ ಎನ್ನಲು ಈ ಮನೆಯಲ್ಲಿ ನಾನೊಬ್ಬನೇ ಉಳಿದಿದ್ದೇನೆ, ನನಗೆ ಕ್ಷೇಮ ಎನ್ನುವ ಪದ ಬಾಯಿಗೆ ಬರುತ್ತಿಲ್ಲ. ಮೈಕು ಇಲ್ಲದ ಕಾಲದಲ್ಲಿ ಬಯಲಿನ ಕೊನೆಗೆ ಗಾಡಿ ಬಿಟ್ಟು ಕೂತವರಿಗೂ ಮಾತು ಮುಟ್ಟಿಸಿದ ಗಂಟಲು ಇದು. ಇವತ್ತು ನನ್ನ ಅಡುಗೆಮನೆಯಲ್ಲಿ ನಾನೇ ಆಡಿದ ಮಾತು ನನಗೇ ಕೇಳುತ್ತಿಲ್ಲ.

ಶ್ರಾವಣದಲ್ಲಿ ಮಗಳು ಬಿಟ್ಟುಹೋದ ಕೂಸನ್ನು ಎದೆಗವಚಿಕೊಂಡು ರಾರಾವಿಗೆ, ನಿಮ್ಮಣ್ಣ ದೊಡ್ಡಬಸಪ್ಪನ ಮನೆಗೆ ಹೊರಟು ನಿಂತಾಗ ಹೊಸ್ತಿಲ ಮೇಲೆ ನೀನು ಆಡಿದ ಮಾತು ಇನ್ನೂ ಈ ತೊಲೆಗಳ ನಡುವೆ ಸುತ್ತುತ್ತಿದೆ. “ಆ ಮೂಕಮ್ಮ ಈ ಊರಾಗ ಇರೋತನಕ ನಾ ಈ ಹೊಸ್ತಿಲ ತುಳಿಯಾಂಗಿಲ್ಲ. ಮಗಳನ್ನ ಕೊಂದಾಕಿ ಪರ ಮಾತಾಡೋ ಗಂಡನ ಮಾರಿ ನೋಡಾಂಗಿಲ್ಲ.” ಮೂವತ್ತು ವರ್ಷ ರಂಗದ ಮೇಲೆ ನನ್ನನ್ನು ಶಪಿಸಿದವರು ಬಹಳ. ಪರದೆ ಬಿದ್ದ ಮೇಲೆ ಅವರೆಲ್ಲ ನನ್ನ ಜೊತೆಗೇ ಚಹಾ ಕುಡಿದರು. ನಿನ್ನ ಮಾತಿಗೆ ಮಾತ್ರ ಪರದೆ ಬೀಳಲಿಲ್ಲ.

ನಾನು ಮೂಕಮ್ಮನ ಪರ ಆಡಿದ್ದಾದರೂ ಏನು? ಈ ಊರಿನ ಅರ್ಧ ಮಕ್ಕಳ ಹೊಕ್ಕುಳ ಕೊಯ್ದ ಸೂಲಗಿತ್ತಿ, ನಮ್ಮ ಎರ್ರಮ್ಮನನ್ನೂ ಭೂಮಿಗೆ ಇಳಿಸಿಕೊಂಡವಳು, ಅದೇ ಎರ್ರಮ್ಮ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ ಬೇಕೆಂದು ವಿಷ ಕೊಟ್ಟಾಳೇ ಎಂದು ಕೇಳಿದೆ. ಅಷ್ಟೇ. ಆದರೆ ಬಾಣಂತಿಗೆಂದು ಮೂಕಮ್ಮ ದಿನಾ ಬೆಳಿಗ್ಗೆ ಕುಟ್ಟಿ ಕಾಸಿ ಕೊಡುತ್ತಿದ್ದ ಕಷಾಯವನ್ನು ಮಗಳು ಅವತ್ತೂ ಕುಡಿದಿದ್ದಳು, ಅವತ್ತೇ ಸತ್ತಳು. ಬೇರೆ ಕಾರಣ ಯಾರಿಗೂ ಕಾಣಲಿಲ್ಲ. ಸಿರುಗುಪ್ಪದಿಂದ ಅಳಿಯ ಕೊಟ್ರಬಸಪ್ಪನ ಕಡೆಯವರು ಟ್ರ್ಯಾಕ್ಟರ್ ಮೇಲೆ ಬಂದು ಇಳಿದದ್ದು, “ಕಷಾಯ ಕುಟ್ಟಿದ ಕೈ ಯಾವ್ದಲೇ” ಎಂದು ಅವಳ ಬಲಗೈಯನ್ನು ಅವಳದೇ ಒರಳಿನ ಮೇಲೆ ಒತ್ತಿ ಹಿಡಿದು ಒನಕೆ ಎತ್ತಿದ್ದು, ನೀನು ಬಾಗಿಲಲ್ಲಿ ನಿಂತು ನೋಡಿದ್ದು, ನಾನು ಅಡ್ಡ ಹೋಗುವಷ್ಟರಲ್ಲಿ ಒನಕೆ ಬಿದ್ದದ್ದು. ಅದನ್ನು ಮತ್ತೆ ಬರೆಯುವುದು ಬೇಡ. ಆ ಸದ್ದು ನಿನ್ನ ಕಿವಿಯಲ್ಲೂ ಇರಬೇಕು.

ಈಗ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ. ಕೂತು ಓದು. ಕೂಸು ತೊಡೆಯ ಮೇಲಿದ್ದರೆ ನಿಮ್ಮಣ್ಣನ ಮಗಳು ಗುರುಬಸಮ್ಮನ ಕೈಗೆ ಕೊಟ್ಟು ಓದು.

ನೀನು ಹೋದಮೇಲೆ ನನಗೆ ಬಂದದ್ದು ಒಂದೇ ಕಾರ್ಡು. ಕಾರ್ತಿಕದಲ್ಲಿ ಬಂತು. ಅಕ್ಷರ ಗುರುಬಸಮ್ಮನವು, ಮಾತು ನಿನ್ನದು. ಕೂಸಿಗೆ ಹಲ್ಲು ಮೂಡುತ್ತಿದೆ, ಗುರುಬಸಮ್ಮ ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಕೊನೆಗೆ ಒಂದು ಸಾಲು: ‘ಹಿತ್ತಲ ಬಳ್ಳಿಯ ಹೆಸರು ಏನು, ತಿಳಿದವರನ್ನು ಕೇಳಿ ಬರೆಯಿರಿ.’ ಆ ಸಾಲನ್ನು ಓದಿ ನಾನು ಹಿತ್ತಲ ಕಟ್ಟೆಯ ಮೇಲೆ ಕೂತುಬಿಟ್ಟೆ. ಹೆಂಡತಿ ನನ್ನಿಂದ ಏನೋ ಒಂದನ್ನು ಕೇಳಿದ್ದಾಳೆ. ಅವಳಿಗೆ ಮಗಳ ಹೂವಿನ ಹೆಸರು ಬೇಕಾಗಿದೆ. ಹೆಸರು ತಂದುಕೊಟ್ಟರೆ ಮನಸ್ಸು ಕರಗೀತು ಎಂದುಕೊಂಡೆ.

ನಿನಗೂ ನೆನಪಿರಬೇಕು. ಆ ಬಳ್ಳಿಯನ್ನು ನಾವು ಯಾರೂ ನೆಡಲಿಲ್ಲ. ಎರಡು ವರ್ಷದ ಹಿಂದೆ ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಹುಟ್ಟಿತು, ಗೋಡೆ ಹತ್ತಿತು, ಬೇವಿನ ಮರಕ್ಕೆ ಸುತ್ತಿತು. ಬಳ್ಳಾರಿ ಸೀಮೆಯ ವೈಶಾಖ ಎಂಥದು. ಬೆಟ್ಟದ ಬಂಡೆ ಕಾದು, ಬೇಲಿಯ ಗಿಡವೆಲ್ಲ ಕಡ್ಡಿಯಾಗಿ, ಕಾಗೆ ನೆರಳು ಹುಡುಕುವ ಹೊತ್ತಿನಲ್ಲೂ ಅದೊಂದು ಮಾತ್ರ ಎಣ್ಣೆ ಹಚ್ಚಿದಂತೆ ಹಸಿರಾಗಿ ಹೊಳೆಯುತ್ತಿತ್ತು. ಎಲೆ ಮುರಿದರೆ ಹಾಲು. ಹೂವಿಲ್ಲ, ಕಾಯಿಲ್ಲ. ಎರ್ರಮ್ಮ ಮಣ್ಣಾಗಿ ಮೊದಲ ಮಳೆ ಬಿದ್ದ ಮೇಲೆ ಬಳ್ಳಿ ತುಂಬ ಹೂವು ಬಿಟ್ಟಿತು. ಕಹಳೆಯಂಥ ಹೂವು, ಎಳೆಗೆಂಪೋ ನೇರಳೆಯೋ ಹೇಳಲಾಗದ ಬಣ್ಣ. ಅವಳು ಗಂಡನ ಮನೆಗೆ ಹೋಗುವಾಗ ಉಟ್ಟ ಸೀರೆಯ ಬಣ್ಣ. ಓಣಿಯ ಹೆಂಗಸರೆಲ್ಲ ಬಂದು “ಮಗಳು ಹೂವಾಗಿ ಬಂದಾಳ ನೋಡವ್ವಾ” ಎಂದರು. ನೀನು ಆ ಬಳ್ಳಿಯ ಬುಡಕ್ಕೆ ಅರಿಶಿನ ಹಚ್ಚಿದೆ. ಹೋಗುವಾಗ ಬಟ್ಟೆಯ ಗಂಟಿಗಿಂತ ಮೊದಲು ಅದರ ಒಂದು ತುಂಡನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಇಟ್ಟುಕೊಂಡೆ.

ಬಳ್ಳಾರಿಯ ಪಾರ್ವತಿನಗರದಲ್ಲಿ ತಿಪ್ಪೇರುದ್ರಪ್ಪ ಇದ್ದಾನೆ. ಹುಡುಗನಾಗಿದ್ದಾಗ ನಮ್ಮ ಮೇಳದಲ್ಲಿ ರಾಣಿ ಪಾರ್ಟು ಮಾಡಿ, ಸೀರೆಯ ನೆರಿಗೆ ತುಳಿದು ಸಿಂಹಾಸನದಿಂದ ಬಿದ್ದವನು. ಈಗ ಕಾಲೇಜಿನಲ್ಲಿ ಗಿಡಮರದ ಪಾಠ ಹೇಳುತ್ತಾನೆ, ದಪ್ಪ ಮೀಸೆ ಬಿಟ್ಟಿದ್ದಾನೆ. ಮೊದಲು ಎಲೆ ಮಾತ್ರ ಒಯ್ದೆ. “ಬರೇ ಎಲಿ ನೋಡಿ ಹೆಸರು ಹೇಳಾಕ ನಾನೇನು ಕಣಿ ಹೇಳಾಂವ ಏನ್ರೀ ಮಾಸ್ತರ. ಹೂವು ಬೇಕು, ಕಾಯಿ ಬೇಕು, ಬಲಿಯೋತನಕ ಕಾಯ್ರಿ” ಎಂದ. ಕಾಯುತ್ತಾ ಕೂತೆ. ಕಾಯಿ ಬಂದವು. ಗೂಳಿಯ ಕೊಂಬಿನ ಹಾಗೆ ಎರಡೆರಡು ಎದುರುಬದುರು. ಬಲಿತ ಮೇಲೆ ಹೂವು, ಕಾಯಿ, ಎಲೆ ಎಲ್ಲವನ್ನೂ ಪೇಪರಿನಲ್ಲಿ ಸುತ್ತಿಕೊಂಡು, ರಾಜನಿಗೆ ಕಪ್ಪ ಒಯ್ಯುವವನಂತೆ ಬಸ್ಸು ಹತ್ತಿದೆ.

ತಿಪ್ಪೇರುದ್ರಪ್ಪ ಕಾಯಿ ಸೀಳಿದ. ಎಕ್ಕದ ಕಾಯಿಯಲ್ಲಿರುವಂಥ ರೇಷ್ಮೆಯ ಎಳೆ, ಎಳೆಯ ತುದಿಗೆ ಬೀಜ. ಫ್ಯಾನಿನ ಗಾಳಿಗೆ ಕೋಣೆ ತುಂಬ ಹಾರಿತು, ಅವನ ಮಕ್ಕಳು ಹಿಡಿಯಲು ಓಡಾಡಿದವು. ಆಮೇಲೆ ಕಡ್ಡಿ ಮುರಿದು ಹಾಲನ್ನು ಬೆರಳಿಗೆ ಹಚ್ಚಿಕೊಂಡು ಉಜ್ಜಿದ. ಅದು ಒಣಗಿ ಅಂಟಾಯಿತು, ಎಳೆದರೆ ಹಿಗ್ಗಿತು. ಅವನ ಮುಖ ಅರಳಿತು. “ಇದು ರಬ್ಬರ್ ಬಳ್ಳಿ ಮಾಸ್ತರ. ನಮ್ಮ ದೇಶದ್ದಲ್ಲ, ಹಡಗಿನ್ಯಾಗ ಬಂದದ್ದು. ಯುದ್ಧದ ಕಾಲಕ್ಕ ರಬ್ಬರ್ ಸಿಗಲಾರದಾಗ ಇದನ್ನ ಬೆಳೆಸ್ಯಾರ, ಆಮ್ಯಾಲ ಬಿಟ್ಟಾರ. ಬೀಜ ಗಾಳಿಗೆ ಹಾರಿ ಎಲ್ಲಿ ಬೇಕಲ್ಲಿ ಹುಟ್ತೈತಿ” ಎಂದ. ನಾನು ಹೆಸರನ್ನು ಬಾಯಲ್ಲಿ ಉರುಹೊಡೆಯುತ್ತಿದ್ದೆ, ನಿನಗೆ ಬರೆಯಬೇಕಲ್ಲ. ಅಷ್ಟರಲ್ಲಿ ಅವನು ಕೈ ತೊಳೆಯುತ್ತಾ, “ಅಂದಂಗ, ಹಿತ್ತಲದಾಗ ದನ ಕಟ್ಟೀರೇನು? ಕಟ್ಟಬ್ಯಾಡ್ರಿ. ಎಲಿ ತಿಂದ್ರ ಎದಿ ನಿಂತು ಸಾಯ್ತಾವ” ಎಂದ.

ಚನ್ನವೀರಮ್ಮ, ರಂಗದ ಮೇಲೆ ನಾನು ಎಷ್ಟು ಸಲ ಎದೆಗೆ ಬಾಣ ತಿಂದಿಲ್ಲ. ಒಂದೊಂದು ಸಾವಿಗೂ ಅರ್ಧ ತಾಸು ಗರ್ಜಿಸಿ, ಮೂರು ಸಲ ಎದ್ದು, ನಾಲ್ಕನೆಯ ಸಲ ಬಿದ್ದವನು ನಾನು. ಅಲ್ಲಿ, ಆ ಬೆತ್ತದ ಕುರ್ಚಿಯ ಮೇಲೆ, ಚಹಾದ ಕಪ್ಪು ಕೈಯಲ್ಲಿ ಹಿಡಿದು, ಒಂದು ಮಾತೂ ಇಲ್ಲದೆ ಸತ್ತೆ. ಮೆಲ್ಲಗೆ ಕೇಳಿದೆ, “ಮನುಷ್ಯಾರು ತಿಂದ್ರ?” ಅವನು ನಕ್ಕ. “ಮನುಷ್ಯಾರು ಯಾಕ ತಿಂತಾರ್ರೀ, ದನ ಅಲ್ಲಲ್ಲ.” ನಾನೂ ನಕ್ಕೆ. ಚಹಾ ಮುಗಿಸಿದೆ. ಅವನ ಮಕ್ಕಳ ತಲೆ ಸವರಿದೆ. ಬಸ್ ಸ್ಟ್ಯಾಂಡಿನ ತನಕ ನಡೆದದ್ದು ಹೇಗೆಂದು ಗೊತ್ತಿಲ್ಲ.

ಈಗ ನಿನಗೆ ಅರ್ಥವಾಗಿರಬೇಕು. ಅರ್ಥವಾಗುವ ಮುಂಚೆಯೇ ನಾನು ಹೇಳಿಬಿಡುತ್ತೇನೆ. ಇದನ್ನು ಹೇಳಬೇಕಾದವನು ನಾನು.

ಎರ್ರಮ್ಮನಿಗೆ ಹಾಲು ಸಾಲುತ್ತಿರಲಿಲ್ಲ, ಕೂಸಿಗೆ ಆಡಿನ ಹಾಲು ಹಾಕುತ್ತಿದ್ದೆವು. ಬಾಣಂತಿಗೆ ಹಾಲೆ ಸೊಪ್ಪು ಬೇಯಿಸಿ ಹಾಕುವುದು ನಮ್ಮ ಮನೆಯಲ್ಲಿ ಹಿಂದಿನಿಂದ ಬಂದದ್ದು. ನೀನು ಈ ಮನೆಯಲ್ಲಿ ಬಾಣಂತಿಯಾಗಿದ್ದಾಗ ನಮ್ಮವ್ವ ಬೆಟ್ಟದ ಬುಡದಿಂದ ಅದನ್ನು ತರುತ್ತಿದ್ದಳು. ಎಲೆ ಮುರಿದರೆ ಹಾಲು ಬರುವ ಬಳ್ಳಿ, ತಿಂದವರಿಗೆ ಹಾಲು ಕೊಡುವ ಬಳ್ಳಿ. ನೀನು ಹೊಳೆಸಾಲಿನ ಹೆಣ್ಣು, ಭತ್ತದ ಗದ್ದೆಯಲ್ಲಿ ಬೆಳೆದವಳು. ಬಳ್ಳಿಯನ್ನು ಎಂದೂ ಕಂಡವಳಲ್ಲ, ಮಡಿಲಿಗೆ ಸುರಿದ ಎಲೆಯನ್ನು ಮಾತ್ರ ಕಂಡವಳು. ಆ ದಿನ ನೀನು ಹೊಲದ ಬೇಲಿಯಿಂದ ತಂದ ಹಾಲೆ ಸೊಪ್ಪು ಸಾಲದೆಂದು ಕಂಡು, ಬಳ್ಳಾರಿಯ ಬಸ್ಸು ಹತ್ತುವ ಮುನ್ನ ನಾನೇ ಹಿತ್ತಲ ಬಳ್ಳಿಯಿಂದ ಎಲೆ ಕಿತ್ತು ನಿನ್ನ ಬುಟ್ಟಿಗೆ ಸೇರಿಸಿ ಹೋದೆ. ನಿನಗೆ ಹೇಳಲಿಲ್ಲ. ನೀನು ಬುಟ್ಟಿಯಲ್ಲಿದ್ದುದನ್ನು ಬೇಯಿಸಿದೆ. ತಪ್ಪು ಬುಟ್ಟಿಗೆ ಹಾಕಿದವನದು, ಒಲೆಯ ಮುಂದೆ ಕೂತವಳದಲ್ಲ. ಇದನ್ನು ಚೆನ್ನಾಗಿ ಓದಿಕೋ. ಇನ್ನೊಮ್ಮೆ ಓದಿಕೋ.

ಮಧ್ಯಾಹ್ನ ವಾಂತಿ ಶುರುವಾಯಿತು ಎಂದು ನೀನೇ ಹೇಳಿದ್ದೆ. ಗೋಡೆಯೆಲ್ಲ ಹಳದಿ ಕಾಣುತ್ತದೆ ಯವ್ವಾ ಎಂದಳಂತೆ, ನಾಡಿ ನಿಂತು ನಿಂತು ಬಡಿಯುತ್ತಿತ್ತಂತೆ. ಮೂಕಮ್ಮನ ಕಷಾಯದಲ್ಲಿ ಶುಂಠಿ, ಮೆಣಸು, ಬೆಲ್ಲ ಬಿಟ್ಟು ಇನ್ನೇನೂ ಇರಲಿಲ್ಲ.

ಹೋದ ಸೋಮವಾರ ಊರ ಹಿರಿಯರನ್ನು ಊರಬಾಗಿಲ ಅಗಸೆಯ ಕಟ್ಟೆಗೆ ಕರೆಸಿದೆ. ನಿಂತು ಹೇಳಿದೆ. ಹಾಳಾದ ಗಂಟಲು, ಅಭ್ಯಾಸಬಲದಿಂದ ಏರಿತು, ಕೈ ತಾನಾಗಿ ಎದೆಗೆ ಹೋಯಿತು. ಹಿಂದೆ ಕೂತಿದ್ದ ಮಾರೆಣ್ಣ, “ಮಾಸ್ತರ, ಇದು ಯಾವ ನಾಟಕದ ಮಾತ್ರೀ, ಚಲೋ ಐತಿ” ಎಂದ. ನಾಲ್ಕು ಜನ ನಕ್ಕರು. ನಾನು ಕೈ ಕೆಳಗಿಳಿಸಿ, ಸಣ್ಣ ದನಿಯಲ್ಲಿ ಮತ್ತೊಮ್ಮೆ ಹೇಳಿದೆ. ಆಗ ಯಾರೂ ನಗಲಿಲ್ಲ.

ಮೂಕಮ್ಮನನ್ನು ಕರೆಸಿದರು. ಸೆರಗಿನೊಳಗೆ ಬಲಗೈ ಮುಚ್ಚಿಕೊಂಡು ಬಂದು ಕಟ್ಟೆಯ ಕೆಳಗೇ ನಿಂತಳು. ಎಲ್ಲ ಕೇಳಿದಳು. “ನನ್ನ ಕಷಾಯ ಅಲ್ಲಂತ ನನಗ ಗೊತ್ತಿತ್ರಿ. ಆದ್ರ ಊರೆಲ್ಲ ಅಂದಾಗ ನನಗೂ ಅನುಮಾನ ಬಂತು. ಎಷ್ಟೋ ಸರ್ತಿ ಮೆಣಸಿನ ಡಬ್ಬಿ ತಗದು ತಗದು ಮೂಸಿ ನೋಡೀನಿ, ಏನರ ಬೆರೆತಿತ್ತೇನಂತ. ಈಗ ಹೇಳಿದ್ರಿ, ಚಲೋ ಆತು. ಈ ಕೈ ಮಾತ್ರ ಮಡಚವಲ್ದು ನೋಡ್ರಿ” ಎಂದು ಸೆರಗು ಸರಿಸಿ ತೋರಿಸಿದಳು. ಒಣಗಿದ ಹುಣಸೆಕಾಯಿಯ ಹಾಗೆ ಬೆರಳುಗಳು ಒಂದೊಂದು ದಿಕ್ಕಿಗೆ. ನೋಡಿದವರೆಲ್ಲ ನೆಲ ನೋಡಿದರು. ಹೋಗುವ ಮುಂಚೆ ಅವಳು ನನ್ನ ಹತ್ತಿರ ಬಂದು ಇನ್ನೊಂದು ಮಾತು ಕೇಳಿದಳು. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಮರುದಿನ ಸಿರುಗುಪ್ಪಕ್ಕೆ ಹೋಗಿ ಅಳಿಯನಿಗೂ ಹೇಳಿಬಂದೆ. ಕೊಟ್ರಬಸಪ್ಪ ಅತ್ತ. ಅವನ ತಾಯಿ ಅಳಲಿಲ್ಲ. ನಾನು ನೀರು ಕುಡಿದಿಟ್ಟ ತಂಬಿಗೆಯನ್ನು ಆಕೆ ಎರಡು ಬೆರಳಲ್ಲಿ ಎತ್ತಿ ಹೊರಗೆ ತಿಪ್ಪೆಗೆ ಎಸೆದಳು. “ನೀವು ಹೆಣ ಕಂಡ ಮ್ಯಾಲೂ ನಾಟಕ ಬಿಡಲಿಲ್ಲಲ್ಲ ಬೀಗ್ರ” ಎಂದಳು. ಒನಕೆ ಎತ್ತಿದ ಆಕೆಯ ಮೈದುನ ಅಲ್ಲೇ ಪಡಸಾಲೆಯಲ್ಲಿ ಉಣ್ಣುತ್ತಿದ್ದ. ಉಣ್ಣುವುದನ್ನು ಅವನು ನಿಲ್ಲಿಸಲಿಲ್ಲ. ಇತ್ತ ಊರಲ್ಲಿ ಮೇಳದವರು ಈ ವರ್ಷದ ಆಟದಿಂದ ನನ್ನ ಪಾರ್ಟು ತೆಗೆದಿದ್ದಾರೆ. ಮಗಳನ್ನು ಕೊಂದವನು ರಾಜನ ವೇಷ ಹಾಕಿದರೆ ಜನ ಕೂಡುವುದಿಲ್ಲವಂತೆ. ಕಿರೀಟ, ಭುಜಕೀರ್ತಿ ಎಲ್ಲ ಪೆಟ್ಟಿಗೆ ಸಮೇತ ಕೊಟ್ಟುಬಿಟ್ಟೆ.

ಹಿತ್ತಲ ಬಳ್ಳಿಯನ್ನು ಬುಡಸಮೇತ ಅಗೆದು ತೆಗೆದೆ. ಅದರ ಹಾಲು ಕೈಗೆ ಮೆತ್ತಿ, ಮೀಸೆ ಅಂಟಿಸುವ ಗೋಂದಿನ ಹಾಗೆ ಹಿಡಿದು ಕಪ್ಪಾಯಿತು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಉಗುರಿನ ಸಂದಿಯಿಂದ ಹೋಗಿಲ್ಲ.

ಈ ಪತ್ರ ಬರೆಯದೆ ಇರಬಹುದಿತ್ತು. ಬರೆಯದೆ ಇದ್ದಿದ್ದರೆ ನಿನ್ನ ಮನಸ್ಸಿನಲ್ಲಿ ಆ ಹೂವು ಮಗಳಾಗಿಯೇ ಉಳಿಯುತ್ತಿತ್ತು. ಆದರೆ ನೀನು ಒಯ್ದ ತುಂಡು ಈಗ ನಿಮ್ಮಣ್ಣನ ಅಂಗಳದಲ್ಲಿ ಚಿಗುರಿ ಹಬ್ಬಿರಬೇಕು. ಗುರುಬಸಮ್ಮನಿಗೆ ದಿನ ಹತ್ತಿರ ಬಂತು. ಅವಳಿಗೂ ಹಾಲು ಕಡಿಮೆಯಾದರೆ ನಿನ್ನ ಕೈ ಎಲ್ಲಿಗೆ ಹೋದೀತು ಎಂದು ನೆನೆದು ನನಗೆ ನಿದ್ದೆ ಹತ್ತುತ್ತಿಲ್ಲ. ಕೂಸೂ ಅಂಬೆಗಾಲಿಡುವ ಕಾಲ, ಕಂಡದ್ದನ್ನು ಬಾಯಿಗಿಡುವ ಕಾಲ. ಕೈ ಮುಗಿದು ಕೇಳುತ್ತೇನೆ, ಈ ಕಾಗದ ಮಡಚುವ ಮೊದಲು ಎದ್ದು ಹೋಗಿ ಅದನ್ನು ಕೀಳು. ಬೇರು ಉಳಿಸಬೇಡ. ಎಲೆಯನ್ನು ದನಕರುವಿನ ದಾರಿಗೆ ಹಾಕಬೇಡ. ಕೈ ತೊಳೆದುಕೋ.

ಆಮೇಲೆ ನನ್ನನ್ನು ಎಷ್ಟು ಬೇಕಾದರೂ ಶಪಿಸು. ಮೂಕಮ್ಮನನ್ನು ಶಪಿಸಿದ್ದೆಲ್ಲ ನನಗೆ ಬರಬೇಕಾದದ್ದು, ತಿರುಗಿಸಿ ಕಳಿಸು.

ನಿನ್ನ ಹಾದಿ ಕಾಯುವ,
ಕಾಡಸಿದ್ದಪ್ಪ

ಮರೆತ ಮಾತು: ಪಕ್ಕದ ಮನೆ ಉಚ್ಚೆಂಗೆಮ್ಮ ಆ ದಿನದ ಬಗ್ಗೆ ಏನಾದರೂ ಹೇಳಿಕಳಿಸಿದರೆ ಕಿವಿಗೆ ಹಾಕಿಕೊಳ್ಳಬೇಡ. ಆಕೆಗೆ ಕಣ್ಣಿಗೆ ಪೊರೆ ಬಂದು ಬಹಳ ದಿನವಾಯಿತು. ಗೋಡೆಯಾಚೆ ಯಾರು ನಿಂತಿದ್ದಾರೆ, ಏನು ಕೀಳುತ್ತಿದ್ದಾರೆ ಎಂಬುದು ಆಕೆಗೆ ಕಾಣುವುದಿಲ್ಲ.


ರಾರಾವಿ
ಸಂಕ್ರಾಂತಿಯ ಮರುದಿನ

ಯಜಮಾನರ ಪಾದಕ್ಕೆ ಚನ್ನವೀರಮ್ಮನ ಶರಣು.

ಇದನ್ನು ನಾನೇ ಬರೆಯುತ್ತಿದ್ದೇನೆ. ನಾಲ್ಕನೆಯ ಈಯತ್ತೆಯ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಗುರುಬಸಮ್ಮನ ಕೈಯಲ್ಲಿ ಬರೆಸುವ ಮಾತಲ್ಲ ಇದು.

ನಿಮ್ಮ ಪತ್ರವನ್ನು ದೊಡ್ಡದಾಗಿ ಓದಲು ಹೋದ ಅಣ್ಣನ ಕೈಯಿಂದ ಕಿತ್ತುಕೊಂಡು ಒಬ್ಬಳೇ ಓದಿದೆ. ನೀವು ಹೇಳಿದಂತೆ ಇನ್ನೊಮ್ಮೆಯೂ ಓದಿದೆ. ನೀವು ರಂಗದ ಮೇಲೆ ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತೀರಿ ಎಂದು ಜನ ಚಪ್ಪಾಳೆ ಹೊಡೆಯುತ್ತಾರೆ. ಮನೆಯಲ್ಲಿ ನಿಮಗೆ ಅದು ಬರುವುದಿಲ್ಲ.

ನೀವು ಬಳ್ಳಾರಿಗೆ ಹೋದದ್ದು ಎರ್ರಮ್ಮ ಸತ್ತ ಹಿಂದಿನ ದಿನ. ಆಟಕ್ಕೆಂದು ಹೋದವರು ಬಂದದ್ದು ಹೆಣದ ಮುಂದೆ. ಬಣ್ಣ ಪೂರಾ ಒರೆಸಿಕೊಂಡಿರಲಿಲ್ಲ. ಮಗಳ ಕಾಲ ಹತ್ತಿರ ಬಾಗಿದಾಗ ನಿಮ್ಮ ಕಿವಿಯ ಹಿಂದೆ ಕೆಂಪು ಬಣ್ಣ ಇತ್ತು. ಅದನ್ನು ನಾನು ನೋಡಿದ್ದೇನೆ. ಹೊಲದ ಬೇಲಿಗೆ ಆ ದಿನ ನಾನು ಹೋಗಲೇ ಇಲ್ಲ. ಅಲ್ಲಿ ಹಾಲೆ ಒಣಗಿ ಕಡ್ಡಿಯಾಗಿದೆ ಎಂದು ಮೂಕಮ್ಮನೇ ಹೇಳಿದ್ದಳು. ಮಳೆ ಬರಲಿ ಅವ್ವಾ, ಅಲ್ಲೀತನಕ ಬೆಳ್ಳುಳ್ಳಿ ಹಾಕಿ ನಡೆಸೋಣ ಅಂದಿದ್ದಳು. ನನಗೆ ಅವಸರ. ಹಿತ್ತಲಲ್ಲಿ ಹಸಿರಿತ್ತು, ಮುರಿದರೆ ಹಾಲು ಬಂತು. ಉಚ್ಚೆಂಗೆಮ್ಮ ಗೋಡೆಯಾಚೆಯಿಂದ ಏನು ಕೀಳ್ತೀಯವ್ವಾ ಅಂದಳು. ಹಾಲೆ ಅಂದೆ. ಅವಳ ಕಣ್ಣಿಗೆ ಏನೂ ಆಗಿಲ್ಲ.

ಕಹಿ ಐತಿ ಯವ್ವಾ ಎಂದು ಎರ್ರಮ್ಮ ತಟ್ಟೆ ಸರಿಸಿದಳು. ಇದನ್ನು ನಿಮಗೆ ಹೇಳಿರಲಿಲ್ಲ. ತುತ್ತು ಮಾಡಿ ನಾನೇ ಬಾಯಿಗಿಟ್ಟೆ.

ನೀವು ಕೀಳು ಎಂದ ಬಳ್ಳಿ ಇಲ್ಲಿ ಇಲ್ಲ. ಕಾರ್ತಿಕದಲ್ಲಿಯೇ ಕಿತ್ತೆ. ಅಣ್ಣನ ಆಡು ಹಗ್ಗ ಬಿಚ್ಚಿಕೊಂಡು ಅದರ ಚಿಗುರು ತಿಂದಿತು, ಹೊತ್ತು ಮುಳುಗುವಷ್ಟರಲ್ಲಿ ಕಾಲು ಚಾಚಿತು. ಅದರ ಎದೆಯ ಮೇಲೆ ಕೈಯಿಟ್ಟೆ. ಎರ್ರಮ್ಮನ ನಾಡಿಯ ಹಾಗೆಯೇ ನಿಂತು ನಿಂತು ಬಡಿಯುತ್ತಿತ್ತು. ಮರುದಿನವೇ ಗುರುಬಸಮ್ಮನ ಕೈಯಲ್ಲಿ ಕಾರ್ಡು ಬರೆಸಿದೆ. ಹೆಸರು ಕೇಳಿದ್ದು ಹೂವಿನ ಆಸೆಗಲ್ಲ. ತಿಳಿದವರು ಯಾರಾದರೂ ಅದು ಒಳ್ಳೆಯ ಬಳ್ಳಿ, ಆಡು ಬೇರೆ ಏನನ್ನೋ ತಿಂದಿರಬೇಕು ಎಂದು ಹೇಳಲಿ ಎಂದು ಕೇಳಿದೆ. ಎರಡು ತಿಂಗಳು ಅದನ್ನೇ ಕಾದೆ.

ಮೂಕಮ್ಮ ಊರಲ್ಲಿ ಇರುವತನಕ ಬರುವುದಿಲ್ಲ ಎಂದಿದ್ದೆ. ಈಗ ಬರಲಾರದೆ ಇರುವುದೂ ಅವಳು ಅಲ್ಲಿದ್ದಾಳೆ ಎಂದೇ. ಒನಕೆ ಎತ್ತಿದಾಗ ನಾನು ಬಾಗಿಲಲ್ಲಿ ನಿಂತು ಹೊಡೀರಿ ಅಂದೆ. ನೀವು ಅದನ್ನು ಪತ್ರದಲ್ಲಿ ಬಿಟ್ಟು ಬರೆದಿದ್ದೀರಿ.

ಅವಳು ಕಟ್ಟೆಯಲ್ಲಿ ನಿಮ್ಮನ್ನು ಏನು ಕೇಳಿದಳೆಂದು ನೀವು ಬರೆಯದಿದ್ದರೂ ನನಗೆ ಗೊತ್ತು. ಯಜಮಾನ್ರ, ಆ ದಿನ ನೀವು ಊರಾಗ ಇದ್ರೇನು ಎಂದು ಕೇಳಿರುತ್ತಾಳೆ. ಕಷಾಯ ಕೊಡಲು ಬಂದವಳು ಅವಳು, ಮನೆಯಲ್ಲಿ ಯಾರಿದ್ದರು ಎಂಬುದು ಅವಳಿಗೆ ಗೊತ್ತಿಲ್ಲವೇ. ಗೊತ್ತಿದ್ದೂ ಹಿರಿಯರ ಮುಂದೆ ಕೇಳದೆ ನಿಮ್ಮ ಹತ್ತಿರ ಬಂದು ಕೇಳಿದಳು.

ಕಟ್ಟೆಯ ಮೇಲೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿರಿ. ಕಿರೀಟದ ಪೆಟ್ಟಿಗೆ ಮನೆಗೆ ತನ್ನಿರಿ. ಊರಿಗೆ ಹೇಳಬೇಕಾದದ್ದನ್ನು ಗುರುಬಸಮ್ಮನ ಹೆರಿಗೆಯಾದ ಮೇಲೆ ನಾನು ಬಂದು ಹೇಳುತ್ತೇನೆ. ನನಗೆ ನಿಮ್ಮ ಗಂಟಲು ಇಲ್ಲ, ಆದರೂ ಕೇಳಿಸೀತು.

ನಿಮ್ಮ,
ಚನ್ನವೀರಮ್ಮ

ಮತ್ತೆ: ಗುರುಬಸಮ್ಮನಿಗೆ ದಿನ ತುಂಬಿವೆ. ಇಲ್ಲಿಯ ಸೂಲಗಿತ್ತಿ ಹೋದ ತಿಂಗಳು ತೀರಿಕೊಂಡಳು, ನಾನೇ ನೋಡಿಕೊಳ್ಳುತ್ತೇನೆಂದು ಅಣ್ಣ ನಂಬಿದ್ದಾನೆ. ಮೂಕಮ್ಮನ ಮುಂದೆ ಈ ಪತ್ರವನ್ನು ಓದಿರಿ, ಒಂದು ಸಾಲೂ ಬಿಡಬೇಡಿರಿ. ಕೇಳಿದ ಮೇಲೂ ಅವಳು ಬರುತ್ತೇನೆಂದರೆ ಬಸ್ಸಿನಲ್ಲಿ ಕಿಟಕಿಯ ಕಡೆ ಕೂಡಿಸಿಕೊಂಡು ಕರೆತನ್ನಿರಿ. ಅವಳ ಕೈ ಮಡಚದಿದ್ದರೂ ಚಿಂತೆಯಿಲ್ಲ. ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಲಿ. ನನ್ನ ಕೈಗಳು ಇನ್ನು ಅವಳು ಹೇಳಿದಷ್ಟನ್ನೇ ಮಾಡುತ್ತವೆ.